ಒಳಬಾಗಿಲ ಹಲಗೆ

ಎಕಂಬಾ ಶಿಬಿರ, ಔರಾದ ತಾಲೂಕು
೨೬ ಜೂನ್ ೧೯೪೮

ಶ್ರೀಮತಿ ಇಮಾಮಬೀ ಅವರಿಗೆ, ಬೀದರ್.

ನಮಸ್ಕಾರ. ಮೋಟಾರಿನ ಖಾಜಾ ಮಿಯಾ ನಿನ್ನೆ ಮಧ್ಯಾಹ್ನ ನನ್ನ ಉಣ್ಣೆಯ ಕೋಟನ್ನು ತಂದುಕೊಟ್ಟರು. ಇಲ್ಲಿ ಎಂಟು ದಿನಗಳಿಂದ ಮಳೆ ಹಿಡಿದಿದೆ, ಎದೆಯಲ್ಲಿ ಕಫ ಕಟ್ಟಿದೆ ಎಂದು ಹಿಂದಿನ ಪತ್ರದಲ್ಲಿ ಬರೆದಿದ್ದೆ. ಅದನ್ನು ಮನಸ್ಸಿನಲ್ಲಿಟ್ಟು ಕಳಿಸಿದ್ದೀರಿ. ಉಪಕಾರವಾಯಿತು.

ಆದರೆ ಆ ಕೋಟು ನನ್ನ ಖೋಲಿಯೊಳಗೆ, ಮಂಚದ ಕೆಳಗಿನ ಕಬ್ಬಿಣದ ಟ್ರಂಕಿನಲ್ಲಿತ್ತು. ಏಪ್ರಿಲ್ ಹನ್ನೆರಡರಂದು ಹೊರಬಾಗಿಲಿಗೆ ನಾನೇ ಬೀಗ ಹಾಕಿ ಈ ಶಿಬಿರಕ್ಕೆ ಹೊರಟೆ. ಎರಡೂ ಕೀಲಿಗಳು ನನ್ನ ಬಳಿಯಲ್ಲೇ ಇವೆ. ಹಾಗಿದ್ದಮೇಲೆ ಒಳಗೆ ಹೋಗಲು ಉಳಿಯುವ ದಾರಿ ಒಂದೇ: ನಿಮ್ಮ ಅಡುಗೆಮನೆಯಿಂದ ನನ್ನ ಖೋಲಿಗಿರುವ ಒಳಬಾಗಿಲು. ಆರು ವರ್ಷದ ಹಿಂದೆ ಖೋಲಿಯನ್ನು ಬಾಡಿಗೆಗೆ ಹಿಡಿದಾಗ ಆ ಬಾಗಿಲಿಗೆ ಅಡ್ಡ ಹಲಗೆ ಬಡಿಸಬೇಕೆಂದು ಕೇಳಿದ್ದೆ, ನೀವು ಬಡಿಸಿದಿರಿ. ಬಾಡಿಗೆದಾರನ ಲಿಖಿತ ಒಪ್ಪಿಗೆಯಿಲ್ಲದೆ ಮಾಲೀಕರಾಗಲಿ ಅವರ ಕಡೆಯವರಾಗಲಿ ಒಳಗೆ ಕಾಲಿಡತಕ್ಕದ್ದಲ್ಲ ಎಂದು ಕರಾರು ಪತ್ರದಲ್ಲಿ ಬರೆಸಿದ್ದೆವು. ನೀವು ಹೆಬ್ಬೆಟ್ಟು ಒತ್ತಿದಿರಿ.

ಹಲಗೆಯನ್ನು ಯಾರು, ಯಾವ ದಿನ, ಯಾವ ಕಾರಣಕ್ಕೆ ತೆಗೆದರು ಎಂಬುದನ್ನು ತಿಳಿಸಬೇಕು. ಒಳಗೆ ಸರ್ಕಾರದ ಅಳತೆಯ ಪುಸ್ತಕಗಳಿವೆ.

ಇಂತಿ,
ಹಾವಗೆಪ್ಪ, ಲೆವೆಲರ್, ಭೂಮಾಪನ ಖಾತೆ


ಬೀದರ್
೪ ಜುಲೈ ೧೯೪೮

ಹಾವಗೆಪ್ಪನವರಿಗೆ ಇಮಾಮಬೀ ಮಾಡುವ ಸಲಾಮು.

(ಎದುರು ಮನೆಯ ಲಲಿತಾಬಾಯಿ ಬರೆಯುವುದು: ಇವರಿಗೆ ಓದುಬರಹವಿಲ್ಲವೆಂಬುದು ತಮಗೆ ಗೊತ್ತೇ ಇದೆ. ಹೇಳಿದ್ದನ್ನು ಹೇಳಿದ ಹಾಗೆಯೇ ಬರಿ ಎಂದಿದ್ದಾರೆ. ತಿದ್ದಿಲ್ಲ.)

ಕೋಟು ಮುಟ್ಟಿತಲ್ಲರಿ, ಭಾಳ ಛಲೋ ಆಯ್ತು. ಕಫ ಕಮ್ಮಿ ಆಗ್ಯಾದೋ ಇಲ್ಲೋ ಅದನ್ನ ಬರೀಲೇ ಇಲ್ಲ ನೀವು. ಹಲಗಿ ನಾನೇ ತಗದೀನ್ರಿ. ಬ್ಯಾರೆ ಯಾರೂ ಅಲ್ಲ. ಮಳಿ ಜೋರ ಬಂದಿತ್ತು, ನಿಮ್ಮ ಖೋಲಿ ಬೆಳಕಿಂಡಿ ಮುಚ್ಚಿರಲಿಲ್ಲ. ನೀರ ಸೋರಿ ನಿಮ್ಮ ಬುಕ್ಕಾ ತೋಯ್ತಾವಂತ ಒಳಗ ಹೋದೆ. ಹೋದಾಕಿ ಕೋಟು ಕಂಡೆ, ತಗದಿಟ್ಟೆ. ಇಷ್ಟ ನೋಡ್ರಿ ಆಗಿದ್ದು. ಶಿವಕಾಂತಾ ಅಕ್ಕಾವ್ರ ಸೀರಿ ಒಂದೂ ಮುಟ್ಟಿಲ್ಲ, ಅವರು ಹ್ಯಾಂಗ ಮಡಚಿಟ್ಟಿದ್ರೋ ಹಂಗೇ ಅದಾವ.

ಮುಂದಿನ ಪಡಸಾಲ್ಯಾಗ ರಜಾಕಾರರು ಎಂಟು ಮಂದಿ ಬಂದು ಇಳದಾರ. ನಾ ಕರದಿಲ್ಲ, ಹೋಗ್ರಿ ಅನ್ನಾಕ ಬರೂದಿಲ್ಲ. ಅಂಗಳದಾಗ ಓಡ್ಯಾಡ್ತಾರ, ನೀರಿನ ಹೌದದ ಮ್ಯಾಲ ಕುಂತು ಹಾಡ್ತಾರ. ನನಗ ನನ್ನ ಮನ್ಯಾಗ ಕಾಲ ಚಾಚಾಕ ಜಾಗಾ ಇಲ್ಲ.


ಎಕಂಬಾ ಶಿಬಿರ
೧೨ ಜುಲೈ ೧೯೪೮

ಶ್ರೀಮತಿ ಇಮಾಮಬೀ ಅವರಿಗೆ,

ತಮ್ಮ ಉತ್ತರವನ್ನು ಎರಡು ಸಲ ಓದಿದೆ. ಬೆಳಕಿಂಡಿಯನ್ನು ಮುಚ್ಚುವುದು ಮಾಳಿಗೆಯ ಮೇಲಿನಿಂದ. ಒಳಗಿನಿಂದ ಅದಕ್ಕೆ ಕೈ ಎಟುಕುವುದಿಲ್ಲ. ಖೋಲಿಯ ಎತ್ತರ ಹನ್ನೊಂದು ಅಡಿ ನಾಲ್ಕು ಅಂಗುಲ. ಅಲ್ಲದೆ ಏಪ್ರಿಲ್ ಹನ್ನೊಂದರಂದು ನಾನೇ ಮೇಲೆ ಹತ್ತಿ ಅದರ ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿ ಬಂದಿದ್ದೇನೆ. ಆದ್ದರಿಂದ ತಾವು ಹೇಳಿದ ಕಾರಣ ನಿಜವಲ್ಲ.

ಪಡಸಾಲೆಯಲ್ಲಿ ಇಳಿದವರ ಸಂಗತಿ ಈ ಪ್ರಶ್ನೆಯನ್ನು ಗಂಭೀರವಾಗಿಸುತ್ತದೆ. ನನ್ನ ಪುಸ್ತಕಗಳಲ್ಲಿ ಔರಾದ ತಾಲೂಕಿನ ಹಳ್ಳ, ಬಾವಿ, ಬಂಡಿದಾರಿಗಳ ಗುರುತುಗಳಿವೆ. ಇಂಥ ದಿನಗಳಲ್ಲಿ ಅವು ಯಾರ ಕೈಗೂ ಸಿಗಬಾರದು. ಅವರು ಕೇಳಿದರೆ ತಾವು ಬಾಗಿಲು ತೆರೆದುಕೊಟ್ಟಿರಾ? ಹೌದು ಅಥವಾ ಇಲ್ಲ ಎಂದು ಬರೆಸಿ.

ಇನ್ನೊಂದು ವಿನಂತಿ. ನನ್ನ ಪತ್ನಿಯ ವಸ್ತುಗಳ ಮಾತು ಪತ್ರದಲ್ಲಿ ಬೇಡ.

ಇಲ್ಲಿ ಕೆಲಸವೂ ಸರಿ ಹೋಗುತ್ತಿಲ್ಲ. ಮಟ್ಟ ಅಳೆಯುತ್ತ ಒಂದು ಗುರುತಿನ ಕಲ್ಲಿನಿಂದ ಹೊರಟು ಸುತ್ತಿ ಅದೇ ಕಲ್ಲಿಗೆ ಮರಳಿದಾಗ ಎರಡು ಅಂಕಿಗಳೂ ಒಂದೇ ಆಗಬೇಕು. ಈ ವಾರ ಮೂರು ಸಲ ಸುತ್ತಿದೆ. ಮೂರು ಸಲವೂ ಎರಡು ಅಂಗುಲ ಹೆಚ್ಚುಕಡಿಮೆ ಬಂತು. ಮೂವತ್ತು ವರ್ಷದಲ್ಲಿ ನನಗೆ ಹೀಗಾಗಿರಲಿಲ್ಲ.

ಹಾವಗೆಪ್ಪ


ಬೀದರ್
೨೫ ಜುಲೈ ೧೯೪೮

ಹಾವಗೆಪ್ಪನವರಿಗೆ ಸಲಾಮು.

ಇಲ್ಲರಿ. ನೀವು ಹೌದು ಇಲ್ಲ ಕೇಳಿದ್ರಿ, ಇಲ್ಲ. ಪಡಸಾಲಿ ಮಂದಿಗೆ ನಿಮ್ಮ ಖೋಲಿ ಬಾಗಲಾ ತೋರಿಸಿಲ್ಲ. ಅಡಗಿಮನ್ಯಾಗ ಆ ಬಾಗಲಾ ಅದ ಅಂತನೂ ಅವರಿಗೆ ಗೊತ್ತಿಲ್ಲ, ಮುಂದ ಜ್ವಾಳದ ಚೀಲ ಒಟ್ಟೀನಿ. ಬೆಳಕಿಂಡಿ ಮಾತು ಸುಳ್ಳ ಹೇಳಿದೆ. ಈಗ ರೋಜಾ ಹಿಡದೀನಿ, ಆ ಸುಳ್ಳ ಹೊತ್ತು ಇರಾಕ ಆಗೂದಿಲ್ಲ.

ಖರೇ ಯಾವುದು ಅಂತ ಕೇಳಬ್ಯಾಡ್ರಿ. ಬಕ್ರೀದ ಆಗ್ಲಿ. ಬಕ್ರೀದ ಆಗಿ ಮೂರು ದಿನಕ್ಕ ನಾನೇ ಹಲಗಿ ಬಡಸ್ತೀನಿ, ನೆಲಾ ಸಾರಸ್ತೀನಿ, ನೀವು ಬಂದು ಒಂದೊಂದು ಸಾಮಾನು ನೋಡಕೊಳ್ರಿ. ಅಲ್ಲೀತನಕ ಬರಬ್ಯಾಡ್ರಿ, ಯಾರಿಗೂ ಕಳಸಬ್ಯಾಡ್ರಿ. ಆರು ವರ್ಷದಾಗ ನಾ ನಿಮಗ ಏನೂ ಕೇಳಿಲ್ಲ.

ನಮ್ಮ ಅಳಿಯ ಮಕ್ಸೂದ ಜೂನ ಹತ್ತಕ್ಕ ಕಾಲರಾದಾಗ ಹೋಗಿಬಿಟ್ಟ. ನಿಮಗ ತಿಳಿಸಿರಲಿಲ್ಲ.

(ಲಲಿತಾಬಾಯಿ: ಇವರ ಮಗಳು ಚಾಂದಬೀ ಈಗ ಹೈದರಾಬಾದಿನಲ್ಲಿ ನಾದಿನಿಯ ಮನೆಯಲ್ಲಿದ್ದಾಳೆಂದು ಹೇಳುತ್ತಾರೆ. ಪಾಪ, ಇಪ್ಪತ್ತರ ಹುಡುಗಿ. ಇದನ್ನು ನಾನಾಗಿ ಬರೆದೆ.)


ಎಕಂಬಾ ಶಿಬಿರ
೯ ಆಗಸ್ಟ್ ೧೯೪೮

ಶ್ರೀಮತಿ ಇಮಾಮಬೀ ಅವರಿಗೆ,

ತಮ್ಮ ಅಳಿಯನವರು ನಿಧನರಾದ ಸುದ್ದಿ ತಿಳಿದು ವ್ಯಥೆಯಾಯಿತು. ದೇವರು ತಮಗೆ ಧೈರ್ಯ ಕೊಡಲಿ.

ವಿಷಯಕ್ಕೆ ಬರುತ್ತೇನೆ. ಬಕ್ರೀದ್ ಬರುವುದು ಅಕ್ಟೋಬರ್ ತಿಂಗಳ ನಡುವೆ. ಹಬ್ಬಕ್ಕೂ ನನ್ನ ಖೋಲಿಗೂ ಏನು ಸಂಬಂಧ ಎಂಬುದು ತಿಳಿಯಲಿಲ್ಲ. ಕಾರಣ ಹೇಳದೆ ಎರಡೂವರೆ ತಿಂಗಳ ಅವಧಿ ಕೇಳುವವರಿಗೆ ಆ ಅವಧಿಯಲ್ಲಿ ಏನನ್ನೋ ಸರಿಪಡಿಸಬೇಕಾಗಿದೆ ಎಂದೇ ನಾನು ಎಣಿಸಬೇಕಾಗುತ್ತದೆ. ಕಳೆದುಹೋದದ್ದನ್ನು ತಂದಿಡುವುದಕ್ಕೋ, ಇಟ್ಟುಕೊಂಡದ್ದನ್ನು ಸಾಗಿಸುವುದಕ್ಕೋ ನಾನರಿಯೆ.

ಸರ್ಕಾರಿ ಪುಸ್ತಕಗಳು ನನ್ನ ಜವಾಬ್ದಾರಿ. ಆರನೆಯ ತಾರೀಖು ನಮ್ಮ ಕಚೇರಿಗೆ ಫಿರ್ಯಾದಿ ಕೊಟ್ಟಿದ್ದೇನೆ. ಪ್ರತಿ ಪೊಲೀಸರಿಗೂ ಹೋಗಿದೆ. ಮನೆಯ ಮಾಲೀಕರು ನನ್ನ ಗೈರುಹಾಜರಿಯಲ್ಲಿ ಒಳಬಾಗಿಲಿನಿಂದ ಖೋಲಿಯನ್ನು ಪ್ರವೇಶಿಸಿದ್ದಾರೆ, ಕಾರಣವನ್ನು ಮರೆಮಾಚುತ್ತಿದ್ದಾರೆ ಎಂದಷ್ಟೇ ಬರೆದಿದ್ದೇನೆ. ಒಂದು ಶಬ್ದವನ್ನೂ ಹೆಚ್ಚು ಬರೆದಿಲ್ಲ.

ತಾವು ನನ್ನ ಪತ್ನಿಯ ಕಾಯಿಲೆಯಲ್ಲಿ ಹನ್ನೊಂದು ದಿನ ಅವಳ ಹಾಸಿಗೆಯ ಪಕ್ಕ ಕೂತಿದ್ದನ್ನು ನಾನು ಮರೆತಿಲ್ಲ. ಅವಳು ಹೋದ ಮೇಲೆ ಆ ಖೋಲಿಯನ್ನು ಹೇಗಿತ್ತೋ ಹಾಗೆ ಇಟ್ಟಿರುವುದೂ ತಮಗೆ ಗೊತ್ತು. ಆದ್ದರಿಂದಲೇ, ಬೇರೆ ಯಾರಾದರೂ ಹೋಗಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಹಾವಗೆಪ್ಪ


ಭಾಲ್ಕಿ
೩೦ ಸೆಪ್ಟೆಂಬರ್ ೧೯೪೮

ಶ್ರೀಮತಿ ಇಮಾಮಬೀ ಅವರಿಗೆ,

ತಾವು ಕ್ಷೇಮವೆಂದು ನಂಬಿದ್ದೇನೆ. ಟಪ್ಪಾಲು ಎರಡು ವಾರ ನಿಂತಿತ್ತು. ತಾವು ಉತ್ತರ ಬರೆಸಿದ್ದರೂ ನನಗೆ ಮುಟ್ಟಿಲ್ಲ.

ಹದಿಮೂರನೆಯ ತಾರೀಖು ಹಿಂದುಸ್ತಾನದ ಫೌಜು ಒಳಗೆ ಬಂತೆಂಬ ಸುದ್ದಿ ಎಕಂಬಾಕ್ಕೆ ಬರುವ ಹೊತ್ತಿಗೆ ಶಿಬಿರದ ಆಳುಗಳೆಲ್ಲ ಊರುಗಳಿಗೆ ಹೋಗಿಬಿಟ್ಟಿದ್ದರು. ನಾನು ಯಂತ್ರವನ್ನು ಹೆಗಲಿಗೆ ಹಾಕಿಕೊಂಡು ನಡೆಯುತ್ತ ಭಾಲ್ಕಿಗೆ ಬಂದೆ. ದಾರಿಯಲ್ಲಿ ಕಂಡದ್ದನ್ನು ಬರೆಯುವುದಿಲ್ಲ. ಕೆಲವು ಬಾವಿಗಳಲ್ಲಿ ನೀರು ಸೇದದೆ ಮುಂದೆ ಬಂದೆ, ಅಷ್ಟೇ.

ಈಗ ಹೊಸ ಅಧಿಕಾರಿಗಳು ಹಳೆಯ ಫೈಲುಗಳನ್ನು ತೆರೆಯುತ್ತಿದ್ದಾರೆ. ರಜಾಕಾರರು ಇಳಿದಿದ್ದ ಮನೆ ಎಂಬ ಕಾರಣಕ್ಕೆ ನನ್ನ ಫಿರ್ಯಾದಿ ಮೇಲೆ ಬಂದಿದೆ. ಅಕ್ಟೋಬರ್ ಐದು, ಮಂಗಳವಾರ, ಮಧ್ಯಾಹ್ನ ಒಬ್ಬ ಜಮಾದಾರರ ಸಮಕ್ಷಮ ನನ್ನ ಖೋಲಿಯ ಹೊರಬೀಗವನ್ನು ನಾನೇ ತೆರೆದು ತೋರಿಸಬೇಕೆಂದು ಹುಕುಂ ಆಗಿದೆ.

ಕರಾರಿನಂತೆ ಮುಂಚಿತವಾಗಿ ತಿಳಿಸುತ್ತಿದ್ದೇನೆ. ಅಷ್ಟರೊಳಗೆ ತಾವು ಕಾರಣವನ್ನು ಬರೆಸಿದರೆ ಅದನ್ನು ಅವರ ಮುಂದೆ ಇಡಲು ಸಿದ್ಧ.

ಹಾವಗೆಪ್ಪ


ಬೀದರ್
೨ ಅಕ್ಟೋಬರ್ ೧೯೪೮

ಹಾವಗೆಪ್ಪನವರಿಗೆ ಸಲಾಮು.

ನಾ ಜೀವಂತ ಅದೀನಿ. ಪಡಸಾಲಿ ಮಂದಿ ಹದಿನೇಳಕ್ಕೇ ಓಡಿಹೋದ್ರು. ಮರುದಿನ ಬ್ಯಾರೆ ಮಂದಿ ಬಂದ್ರು, ಕೊಡ್ಲಿ ಹಿಡಕೊಂಡು. ಪಡಸಾಲ್ಯಾಗ ಏನೂ ಉಳದಿಲ್ಲ, ಹೊರಸು ಸುದ್ಧಾ ಅಂಗಳದಾಗ ಸುಟ್ರು. ಹಿಂದಿನ ಓಣಿಗೂ ಬಂದು ನಿಮ್ಮ ಖೋಲಿ ಮುಂದ ನಿಂತ್ರು. ಬೀಗ ನೋಡಿದ್ರು, ಬಾಗಲದ ಮ್ಯಾಲಿನ ಫಲಕದಾಗ ನಿಮ್ಮ ಹೆಸರ ಓದಿದ್ರು, ಇದು ನಮ್ಮವ್ರದು ಅಂದು ಮುಂದ ಹೋದ್ರು.

ಐದಕ್ಕ ಬರಬ್ಯಾಡ್ರಿ. ಬಂದ್ರೂ ಬಾಗಲಾ ತಗೀಬ್ಯಾಡ್ರಿ. ಇನ್ನ ಹದಿನಾಲ್ಕು ದಿನ. ನಿಮ್ಮ ಕಾಲ ಹಿಡೀತೀನಿ.

(ಲಲಿತಾಬಾಯಿ: ಕೊನೆಯ ಮಾತನ್ನು ಬರೆಯಬೇಡ ಎಂದು ಮೊದಲು ಹೇಳಿದರು. ಆಮೇಲೆ ಬರಿ ಎಂದರು. ದಯವಿಟ್ಟು ಅವರ ಮಾತು ಕೇಳಿ.)


ಭಾಲ್ಕಿ
೯ ಅಕ್ಟೋಬರ್ ೧೯೪೮

ಇಮಾಮಬೀ ಅಕ್ಕನವರಿಗೆ,

ತಮ್ಮ ಎರಡನೆಯ ತಾರೀಖಿನ ಪತ್ರ ನಿನ್ನೆ ನನ್ನ ಕೈಸೇರಿತು. ಐದರಂದು ಅದನ್ನು ಓದದೆಯೇ ನಾನು ತಮ್ಮ ಓಣಿಯಲ್ಲಿ ನಿಂತಿದ್ದೆ.

ತಾವು ಓಣಿಯ ಕಡೆಯ ಬಾಗಿಲ ಪರದೆಯ ಹಿಂದೆ ಇದ್ದಿರಿ. ಓಣಿಯ ಬಾಯಲ್ಲಿ ನಡೆದ ಮಾತು ತಮಗೆ ಕೇಳಿಸಿರಲಿಕ್ಕಿಲ್ಲ. ಅಲ್ಲಿಂದೀಚೆಗೆ ತಮಗೆ ನೆಮ್ಮದಿ ಇರಲಾರದೆಂದು ಇದನ್ನು ಬರೆಯುತ್ತಿದ್ದೇನೆ.

ಜಮಾದಾರರು ಬೀಡಿ ಹೊತ್ತಿಸಲು ಹಿಂದೆ ನಿಂತರು. ನಾನು ಮುಂದೆ ಬಂದು ಕೀಲಿಯನ್ನು ತೆಗೆದೆ. ಬೀಗಕ್ಕೆ ತುಕ್ಕು ಹಿಡಿದಿತ್ತು. ಆರು ತಿಂಗಳಿನಿಂದ ಯಾರೂ ಮುಟ್ಟಿರಲಿಲ್ಲ. ಆದರೆ ಹೊಸ್ತಿಲ ಪಕ್ಕದ ಮೋರಿಯಲ್ಲಿ ನೀರು ಹರಿಯುತ್ತಿತ್ತು. ನನ್ನ ಖೋಲಿಯ ಬಚ್ಚಲಿನ ಮೋರಿ ಅದು. ಬೇರೆ ಯಾವ ನೀರೂ ಅದಕ್ಕೆ ಸೇರುವುದಿಲ್ಲ. ನೆಲ ಎತ್ತ ಇಳಿದಿದೆ, ನೀರು ಎಲ್ಲಿಂದ ಬಂತು ಎಂದು ನೋಡುವುದು ನನ್ನ ಕಸುಬು. ಹೊರಗೆ ಬೀಗ, ಒಳಗೆ ಆಗತಾನೆ ಯಾರೋ ಕೈಕಾಲು ತೊಳೆದ ನೀರು. ಮಸೀದಿಯಲ್ಲಿ ಮಧ್ಯಾಹ್ನದ ಬಾಂಗು ಮುಗಿದು ಸ್ವಲ್ಪ ಹೊತ್ತಾಗಿತ್ತು.

ಅದೇ ಗಳಿಗೆಯಲ್ಲಿ ಪರದೆಯ ಹಿಂದಿನಿಂದ ತಾವು ಒಂದು ಮಾತು ಹೇಳಿದಿರಿ. ಅದನ್ನು ಕಾಗದಕ್ಕೆ ಇಳಿಸುವುದಿಲ್ಲ. ಈ ಪತ್ರವನ್ನು ಟಪ್ಪಾಲಿಗೆ ಹಾಕದೆ ನಂಬಿಕೆಯವರ ಕೈಯಲ್ಲಿ ಕಳಿಸುತ್ತಿದ್ದೇನೆ, ಆದರೂ ಇದನ್ನು ತಮಗೆ ಬೇರೊಬ್ಬರು ಓದಿ ಹೇಳಬೇಕು.

ನಾನು ಕೀಲಿಯನ್ನು ಒಳಜೇಬಿಗೆ ಹಾಕಿ ಹಿಂದಿರುಗಿದೆ. ಕೀಲಿ ಎಕಂಬಾದಲ್ಲಿ ಉಳಿದಿದೆ ಎಂದೆ. ಜಮಾದಾರರು ನಕ್ಕರು.

“ಲೆವೆಲ್ ಸಾಹೇಬ್ರ, ಭೂಮಿನೇ ಅಳೆಯೋರು ನೀವು, ಕೀಲಿ ಮರತು ಬರ್ತೀರಿ? ಇರ್ಲಿ ಬಿಡ್ರಿ. ಒಂದು ಕಲ್ಲ ತರಸ್ತೇನಿ, ಎರಡು ಏಟಿಗೆ ಬೀಗ ಕೈಗೆ ಬರ್ತದ.”

“ಬ್ಯಾಡ್ರಿ. ಖೋಲಿ ನಂದು. ನಾ ಒಪ್ಪೂತನಕ ಅದಕ್ಕ ಯಾರೂ ಕೈ ಹಚ್ಚಬಾರದು.”

“ಫಿರ್ಯಾದಿ ಕೊಟ್ಟವರೂ ನೀವೇ, ಬ್ಯಾಡ ಅನ್ನೋರೂ ನೀವೇ. ನಾ ಏನಂತ ಬರಕೋಲಿ?”

“ಸುಳ್ಳ ಫಿರ್ಯಾದಿ ಅಂತ ಬರಕೋರಿ. ಸಹಿ ಮಾಡ್ತೇನಿ.”

ಅವರು ಎದುರು ಮನೆಯ ಕಟ್ಟೆಯ ಮೇಲೆ ಕೂತು ಬರೆದುಕೊಂಡರು. ಕೋಟನ್ನು ನಾನೇ ರಫೂ ಮಾಡಿಸಲು ತಮ್ಮ ಕೈಯಲ್ಲಿ ಕೊಟ್ಟು ಹೋಗಿದ್ದೆ, ವಯಸ್ಸಾದ್ದರಿಂದ ಮರೆತೆ, ಖೋಲಿಯೊಳಗೆ ಯಾರೂ ಕಾಲಿಟ್ಟಿಲ್ಲ ಎಂದು ಹೇಳಿಕೆ ಕೊಟ್ಟಿದ್ದೇನೆ. ತಮ್ಮನ್ನು ಯಾರಾದರೂ ಕೇಳಿದರೆ ಇದನ್ನೇ ಹೇಳಬೇಕು. ರಫೂ ಎಡ ಮೊಣಕೈಯದು.

ಇಷ್ಟು ದಿನ ನಾನು ಬರೆದ ಅಂಕಿಯನ್ನು ಯಾರೂ ಎರಡನೆಯ ಸಲ ಪರೀಕ್ಷಿಸುತ್ತಿರಲಿಲ್ಲ.

ಜುಲೈ ತಿಂಗಳಲ್ಲಿ ತಾವು ಅಳಿಯನವರ ಮಾತನ್ನು ಬರೆಸಿದ್ದಿರಿ, ತಾರೀಖಿನ ಸಮೇತ. ತಾರೀಖು ಕೊಟ್ಟರೂ ನಾನು ಎಣಿಸಲಿಲ್ಲ. ಎರಡು ಸಾಲು ಸಂತಾಪ ಬರೆದು ವಿಷಯಕ್ಕೆ ಬರುತ್ತೇನೆ ಎಂದೆ.

ಹಾವಗೆಪ್ಪ


ಬೀದರ್
೧೭ ಅಕ್ಟೋಬರ್ ೧೯೪೮

ಹಾವಗೆಪ್ಪಣ್ಣಗ ಇಮಾಮಬೀ ಸಲಾಮು.

ಈ ಕಾಗದ ನಾನೂ ಟಪ್ಪಾಲಿಗೆ ಹಾಕಿಲ್ಲ. ಲಲಿತಾಬಾಯಿ ಯಜಮಾನ್ರು ಭಾಲ್ಕಿಗೆ ಹೊಂಟಾರ, ಅವರ ಕೈಯಾಗ ಕೊಟ್ಟೀನಿ. ಈಗ ಎಲ್ಲಾ ಹೇಳ್ತೀನಿ.

ಐದಕ್ಕ ನಾ ನಿಮಗ ಒಂದೇ ಮಾತು ಅಂದಿದ್ದೆ, ಒಳಗ ಚಾಂದಬೀ ಇದ್ದತ್ತಿಗೆ ಕುಂತಾಳ ಅಂತ. ಅದರ ಹಿಂದಿಂದು ಇದು. ಮಕ್ಸೂದ ಹೋದ ಮ್ಯಾಲ ಆಕಿ ನನ್ನ ಹತ್ರ ಬಂದ್ಲು. ನಮ್ಮಲ್ಲಿ ಗಂಡ ಸತ್ತಾಕಿ ನಾಲ್ಕು ತಿಂಗಳು ಹತ್ತು ದಿನ ಒಂದು ಕಡೆ ಕೂಡಬೇಕು, ಪರ ಗಂಡಸರ ಕಣ್ಣಿಗೆ ಬೀಳಬಾರದು. ಆಕಿ ಬಂದ ನಾಕನೇ ದಿನಕ್ಕ ಆ ಎಂಟು ಮಂದಿ ಪಡಸಾಲಿಗೆ ಬಂದು ಇಳದ್ರು. ಅಂಗಳದಾಗ ಅವರು, ಹೌದದ ಮ್ಯಾಲ ಅವರು, ಅಡಗಿಮನಿ ಬಾಗಲದಾಗ ಬೆಂಕಿ ಕೇಳಾಕ ಅವರು. ಇಪ್ಪತ್ತು ವರ್ಷದ ಹುಡುಗಿನ್ನ ಎಲ್ಲಿ ಇಡಲಿ? ಗ್ವಾಡಿ ಆಚೆ ನಿಮ್ಮ ಖೋಲಿ ಖಾಲಿ ಇತ್ತು. ಹಲಗಿ ಕಿತ್ತೆ. ಮಗಳು ಹೈದರಾಬಾದಿಗೆ ಹೋದ್ಲು ಅಂತ ಓಣ್ಯಾಗೆಲ್ಲ ಹೇಳಿದೆ. ಲಲಿತಾಬಾಯಿಗೂ ಅದನ್ನೇ ಹೇಳಿದೆ. ಬರಿಯಾಕಿ ಆಕಿ, ನಿಮಗ ಹ್ಯಾಂಗ ಬರಸಲಿ?

ನಿಮ್ಮ ಕಫದ ಕಾಗದ ಬಂದಾಗ ಚಾಂದಬೀನೇ ಅಂದ್ಲು, ಅಮ್ಮಾ ಟ್ರಂಕಿನಾಗ ಅವರ ಕೋಟದ ಅಂತ. ನನಗ ಆವಾಗ ತಿಳೀಲೇ ಇಲ್ಲ. ಖಾಜಾ ಮಿಯಾನ ಮೋಟಾರು ಹೋದ ಮ್ಯಾಲ ತಿಳೀತು. ತಲಿ ತಲಿ ಬಡಕೊಂಡೆ.

ಇನ್ನೊಂದು ಅದ. ಅದನ್ನ ಹೇಳದಿದ್ರ ಈ ಕಾಗದಕ್ಕ ಅರ್ಥ ಇಲ್ಲ. ಅಕ್ಕಾವ್ರ ಸೀರಿ ಮುಟ್ಟಿಲ್ಲ ಅಂತ ಬರಸಿದ್ದೆ. ಅವತ್ತಿಗೆ ಅದು ಖರೇ ಇತ್ತು. ಕೊಡ್ಲಿ ಮಂದಿ ಬಂದ ದಿನ ಮುಟ್ಟಿದೆ. ಪಡಸಾಲ್ಯಾಗ ಗಡಿಗಿ ಒಡಿಯೋ ಸಪ್ಪಳ ಕೇಳಿದಾಗ ನಾನೂ ನಿಮ್ಮ ಖೋಲಿಗೆ ಹೋಗಿ, ನಿಮ್ಮ ಅಲಮಾರಿ ಬಾಗಲಕ್ಕ ಅಡ್ಡ ದೂಡಿದೆ. ಅಕ್ಕಾವ್ರ ಹಸರ ಇಳಕಲ್ ಸೀರಿ ತಗದು ಚಾಂದಬೀಗ ಉಡಿಸಿದೆ. ಡಬ್ಬಿಯಾಗಿನ ವಿಭೂತಿ ಹಣಿಗೆ ಹಚ್ಚಿದೆ. ಯಾರಾರ ಬಾಗಲಾ ಮುರದು ಕೇಳಿದ್ರ ಹೆಸರ ಶಿವಕಾಂತಾ ಅನ್ನು ಅಂದೆ. ಆಕಿ ಅನ್ನವಲ್ಲಳು. ಸತ್ತಾಕಿ ಹೆಸರ ಕೇಳಲಾರ್ದ ತಗೋಬಾರದು ಅಂದ್ಲು. ಕಪಾಳಕ್ಕ ಹೊಡದು ಅನಿಸಿದೆ.

(ಲಲಿತಾಬಾಯಿ: ಆ ಹೊತ್ತಿ­ಗೆ ಇಕ್ಕಟ್ಟಿನ ಓಣಿಗೆ ಏಣಿ ಅಡ್ಡ ಹಾಕಿ ಮಾಳಿಗೆಯ ಮೇಲಿನಿಂದ ದಾಟಿ, ಬೆಳಕಿಂಡಿಯ ಕಲ್ಲು ಸರಿಸಿ, ನನ್ನ ಕೈಬಳೆಗಳನ್ನು ಸೆರಗಿನಲ್ಲಿ ಕಟ್ಟಿ ಕೆಳಗೆ ಬಿಟ್ಟವಳು ನಾನು. ವಿಧವೆಯ ಬರಿಗೈ ನೋಡಿದರೆ ಗುರುತು ಸಿಗುತ್ತಿತ್ತು. ಚಾಂದಬೀ ಒಳಗಿರುವುದು ನನಗೆ ಜುಲೈನಿಂದಲೇ ಗೊತ್ತಿತ್ತು. ಒಂದು ರೊಟ್ಟಿಯನ್ನೂ ಪೂರ್ತಿ ತಿನ್ನದ ಇವರು ದಿನಾ ಇಬ್ಬರ ಹಿಟ್ಟು ನಾದುತ್ತಿದ್ದರು. ಇವರು ಹೇಳಲಿಲ್ಲ, ನಾನು ಕೇಳಲಿಲ್ಲ.)

ಬೀಗ ನೋಡಿ ಅವರು ಹೋದ್ರು. ಸೀರಿ ಒಂದು ತಾಸು ಆಕಿ ಮೈಮ್ಯಾಲಿತ್ತು. ಅಷ್ಟೇ ಹೊತ್ತು. ಆಕಿ ತಾನೇ ಮಡಚಿಟ್ಟಾಳ, ಆದ್ರ ಅಕ್ಕಾವ್ರ ಮಡಚಿದ ಗೆರಿ ಮತ್ತ ಬರಲಿಲ್ಲ.

ನಿನ್ನೆ ಇದ್ದತ್ತು ಮುಗೀತು. ಚಾಂದಬೀ ಈ ಕಡೆ ಬಂದ್ಲು. ನೆಲಾ ಸಾರಿಸಿ, ನಾಕು ಮೊಳಿ ಹಾಕಿ ಹಲಗಿ ಬಡಸೀನಿ. ಖೋಲಿ ಖಾಲಿ ಅದ. ನೀವು ಬರ್ರಿ. ಬಿಟ್ಟು ಹೋಗ್ತೇನಿ ಅಂದ್ರೂ ಬಂದು ಹೇಳಿ ಹೋಗ್ರಿ.


ಭಾಲ್ಕಿ
೨ ನವೆಂಬರ್ ೧೯೪೮

ಇಮಾಮಬೀ ಅಕ್ಕನವರಿಗೆ,

ಉತ್ತರ ತಡವಾಯಿತು. ನಾಲ್ಕು ಸಲ ಬರೆಯಲು ಕುಳಿತು ನಾಲ್ಕು ಕಾಗದ ಹರಿದೆ.

ಮೊದಲು ಕಚೇರಿಯ ಸಂಗತಿ. ಸುಳ್ಳು ಫಿರ್ಯಾದಿ ಕೊಟ್ಟದ್ದಕ್ಕೆ ನನ್ನ ಸೇವಾ ಪುಸ್ತಕದಲ್ಲಿ ಷರಾ ಬರೆದಿದ್ದಾರೆ. ನೆನಪು ಕೈಕೊಡುವ ಮನುಷ್ಯನಿಗೆ ಮಟ್ಟದ ಕೆಲಸ ಕೊಡಲಾಗದು ಎಂದು ಯಂತ್ರವನ್ನು ಹಿಂದಕ್ಕೆ ಪಡೆದರು. ಇನ್ನು ಬೀದರಿನ ಕಚೇರಿಯಲ್ಲಿ ಕುಳಿತು ಬೇರೆಯವರು ಅಳೆದ ಅಂಕಿಗಳನ್ನು ನಕಲು ಮಾಡುವ ಕೆಲಸ. ಯಂತ್ರವನ್ನು ಒಪ್ಪಿಸಿದ ದಿನ ಅದರ ಪೆಟ್ಟಿಗೆಯ ಪಟ್ಟಿಯನ್ನು ಬಿಗಿಯಲು ನನಗೆ ಎರಡು ಸಲ ಬೇಕಾಯಿತು. ಇದನ್ನು ದೂರಾಗಿ ಹೇಳುತ್ತಿಲ್ಲ. ಬೇರೆಯವರಿಂದ ಕೇಳಿ ತಿಳಿಯಬಾರದೆಂದು ಬರೆದೆ.

ಸೀರೆಯ ಮಾತು. ಅದನ್ನು ಓದಿದಾಗ ನನಗೆ ಸಿಟ್ಟು ಬಂತು. ಬಂದದ್ದು ಸರಿಯಲ್ಲ ಎಂದು ತಿಳಿದ ಮೇಲೂ ಬಹಳ ದಿನ ಹೋಗಲಿಲ್ಲ. ಈಗಲೂ ಪೂರ್ತಿ ಹೋಗಿದೆ ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಆ ಟ್ರಂಕನ್ನು ಮೂರು ವರ್ಷದಿಂದ ನಾನೂ ತೆರೆದು ಕೆದಕಿರಲಿಲ್ಲ. ಹಿಂಗಾರಿನಲ್ಲಿ ಒಮ್ಮೆ ಕೋಟು ತೆಗೆಯುವಾಗಲೂ ಮೇಲುಗಡೆಯಿಂದಷ್ಟೇ ಕೈ ಹಾಕುತ್ತಿದ್ದೆ. ಆದರೆ ಚಾಂದಬೀ ಆ ಗಳಿಗೆಯಲ್ಲೂ ಹೆಸರು ಕೇಳದೆ ತೆಗೆದುಕೊಳ್ಳಲು ಒಪ್ಪಲಿಲ್ಲವೆಂದು ಬರೆಸಿದ್ದೀರಿ. ಅವಳಿಗೆ ಹೇಳಿ: ಶಿವಕಾಂತಾಳನ್ನು ಕೇಳಿದ್ದರೆ ಹೆಸರನ್ನು ಕೊಡುತ್ತಿದ್ದಳು. ಕೇಳುವ ಮೊದಲೇ ಕೊಡುತ್ತಿದ್ದಳು. ನನ್ನ ವಿಷಯದಲ್ಲಿ ಅಷ್ಟು ಖಚಿತವಾಗಿ ಹೇಳಲಾರೆ. ಜೂನ್‌ನಲ್ಲಿ ತಾವು ಕಾರಣವನ್ನು ಬರೆಸಿ ಒಪ್ಪಿಗೆ ಕೇಳಿದ್ದರೆ ನಾನು ಏನು ಉತ್ತರ ಕೊಡುತ್ತಿದ್ದೆನೆಂದು ಈ ಹದಿನೈದು ದಿನ ಯೋಚಿಸಿದೆ. ಸರ್ಕಾರಿ ಪುಸ್ತಕಗಳಿವೆ, ಆಗದು ಎಂದು ಬರೆಯುತ್ತಿದ್ದೆ ಎಂದೇ ತೋರುತ್ತದೆ.

ಖೋಲಿಯನ್ನು ಬಿಡುವುದಿಲ್ಲ. ಬರುವ ಸೋಮವಾರ, ಎಂಟನೆಯ ತಾರೀಖು, ಮಧ್ಯಾಹ್ನದ ಗಾಡಿಗೆ ಬರುತ್ತೇನೆ. ಖಾಲಿ ಇದೆ ಎಂದು ತಾವು ಬರೆಸಿದ್ದೀರಿ, ನಂಬಿದ್ದೇನೆ. ಆದರೂ ಬಾಗಿಲ ಮುಂದೆ ನಿಂತು ಮೊದಲು ನನ್ನ ಹೆಸರು ಹೇಳುತ್ತೇನೆ. ಒಳಗೆ ಯಾರೂ ಇಲ್ಲವೆಂದು ಗೋಡೆಯ ಆಚೆಯಿಂದ ತಾವಾಗಲಿ ಚಾಂದಬೀಯಾಗಲಿ ಹೇಳಿದ ಮೇಲೆ ಬೀಗ ತೆಗೆಯುತ್ತೇನೆ. ಉತ್ತರ ಬರದಿದ್ದರೆ ಲಲಿತಾಬಾಯಿಯವರ ಕಟ್ಟೆಯ ಮೇಲೆ ಕಾಯುತ್ತೇನೆ.

ಹಾವಗೆಪ್ಪ